ಪಿಳ್ಳಪ್ಪನವರ ಕೈಮಾತು

ಕೊಡೆ ಹುಡುಕಲೆಂದು ಹಳೆಯ ಕೈಚೀಲ ಬಿಚ್ಚಿದರೆ ಮುಳ್ಳು ಸೊಟ್ಟಗಾದ ಪೆನ್ನೊಂದು ಸಿಕ್ಕಿತು. ಇದನ್ನೆಲ್ಲ ಯಾಕೆ ಎಸೆಯದೆ ಇಟ್ಟುಕೊಂಡಿದ್ದೀರಿ ಎಂದು ನೀವು ಕೇಳಬಹುದು. ನನಗೂ ಗೊತ್ತಿಲ್ಲ. ಅದು ಗೋಡೆಗೆ ಬಡಿದ ಸದ್ದು ಮಾತ್ರ ಚೆನ್ನಾಗಿ ನೆನಪಿದೆ. ಎಸೆದವನು ನನ್ನಪ್ಪ.

ಅಪ್ಪ ಗದಗಿನ ಕಡೆ ಬಸ್ ಕಂಡಕ್ಟರ್ ಆಗಿದ್ದವನು. ಅವನು ‘ರೈಟ್’ ಅಂದರೆ ಬಸ್ಸಷ್ಟೇ ಅಲ್ಲ, ನಿಲ್ದಾಣದಲ್ಲಿ ಮಲಗಿದ್ದ ನಾಯಿಗಳೂ ಹೊರಡುತ್ತಿದ್ದವು. ಆ ಬಾಯಿ ನನಗೂ ಬಂದಿದೆ. ಮಾರತ್ತಹಳ್ಳಿಯ ನಮ್ಮ ಆಫೀಸಿನಲ್ಲಿ ಮೀಟಿಂಗ್ ಬೇಗ ಮುಗಿಯಬೇಕಾದ ದಿನ ನನ್ನನ್ನು ಕರೆಯುವುದಿಲ್ಲ. ಅಂಥ ಅಪ್ಪನಿಗೆ ಗಂಟಲಲ್ಲಿ ಗಡ್ಡೆಯಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಜೀವ ಉಳಿಯಿತು, ಮಾತು ಹೋಯಿತು. ಸಿ.ವಿ. ರಾಮನ್ ನಗರದ ನಮ್ಮ ಬಾಡಿಗೆ ಮನೆಗೆ ಅವನನ್ನು ಕರೆತಂದೆವು.

ಮೊದಮೊದಲು ಬರೆದು ತೋರಿಸುತ್ತಿದ್ದ. ಆದರೆ ನಾನೂ ನನ್ನ ಗಂಡನೂ ಏನೋ ಹೇಳಿಕೊಂಡು ನಗುವಾಗ ಅವನಿಗೂ ಒಂದು ತಮಾಷೆ ಹೊಳೆಯುವುದು. ಅವನು ಬರೆದು ಮುಗಿಸುವಷ್ಟರಲ್ಲಿ ನಾವು ಬೇರೆ ಮಾತಿಗೆ ಹೋಗಿರುತ್ತಿದ್ದೆವು. ಆರಿಹೋದ ತಮಾಷೆಗೆ ನಾವು ಮರ್ಯಾದೆಗೆ ನಗುವುದು ಅವನಿಗೆ ತಿಳಿಯುತ್ತಿತ್ತು. ಹಾಗೆ ನಕ್ಕ ಒಂದು ದಿನವೇ ಪೆನ್ನು ಹಾರಿದ್ದು. ಅಲ್ಲಿಂದಾಚೆ ದಿನವಿಡೀ ತಾರಸಿಯ ಮೇಲೆ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದ. ಕೆಳಗೆ ಅಡುಗೆಮನೆಯಲ್ಲಿ ನನಗೂ ನೆಮ್ಮದಿಯಿಲ್ಲ. ಹೆಜ್ಜೆ ಸದ್ದು ನಿಂತರೆ ಏನಾಯಿತೋ ಎಂದು ಮೇಲೆ ಓಡುವುದು, ನಿಲ್ಲದಿದ್ದರೆ ಇನ್ನೂ ಎಷ್ಟು ಹೊತ್ತು ನಡೆಯುತ್ತಾನೋ ಎಂದು ಒಳಗೇ ಕುದಿಯುವುದು.

ಮನೆ ಮಾಲೀಕರಾದ ಪಿಳ್ಳಪ್ಪನವರು ನೆಲಮಹಡಿಯಲ್ಲಿದ್ದರು. ಈ ಬೀದಿಯೆಲ್ಲ ರಾಗಿಹೊಲವಾಗಿದ್ದ ಕಾಲದಿಂದ ಇಲ್ಲೇ ಇದ್ದ ಮನೆತನ ಅವರದು. ಚೌಕಳಿ ಲುಂಗಿ ಉಟ್ಟು, ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುವರು. ನೀರು ಬಂತಾ ಅಂದರೆ “ಹ್ಞೂಂ.” ಕರೆಂಟು ಹೋಯ್ತಾ ಅಂದರೂ “ಹ್ಞೂಂ.” ಅವರ ಬಾಯಿಂದ ನಾನು ಕೇಳಿದ್ದ ಅತಿ ಉದ್ದದ ಮಾತೆಂದರೆ, “ಗಾಡಿ ಸ್ವಲ್ಪ ಆ ಕಡೆ ಹಾಕಮ್ಮ.” ಇವರು ಆಪರೇಷನ್ ಇಲ್ಲದೆಯೇ ಹೀಗೆ ಎಂದು ನಾನು ಗಂಡನೆದುರು ಹಾಸ್ಯ ಮಾಡುತ್ತಿದ್ದೆ.

ಒಂದು ಬೆಳಿಗ್ಗೆ ಅಪ್ಪನ ತಪಾಸಣೆಗೆಂದು ಶಿವಾಜಿನಗರದ ಆಸ್ಪತ್ರೆಗೆ ಹೋಗಿದ್ದೆವು. ಸರದಿ ಬರುವ ಲಕ್ಷಣವಿರಲಿಲ್ಲ. ಅಪ್ಪ ಕೂರಲೊಲ್ಲದೆ ಪಡಸಾಲೆಯ ಉದ್ದಕ್ಕೂ ಅಡ್ಡಾಡುತ್ತಿದ್ದ. ಸ್ಕ್ಯಾನಿಂಗ್ ಕೋಣೆಯ ಬಾಗಿಲ ಬಳಿ ಹೋದವನು ಅಲ್ಲೇ ನಿಂತುಬಿಟ್ಟ. ಏನೆಂದು ಹೋಗಿ ನೋಡಿದರೆ, ಬಸುರಿ ಹೆಂಗಸು, ಅವಳ ಗಂಡ, ಡಾಕ್ಟರಮ್ಮ. ಅವರ ನಡುವೆ ಪಿಳ್ಳಪ್ಪ.

ಅವರ ಮುಖವನ್ನು ನಾನು ಅದೇ ಮೊದಲು ನೋಡಿದಂತಾಯಿತು. ಹುಬ್ಬು ಏರುತ್ತಿತ್ತು, ಕೆನ್ನೆ ಉಬ್ಬುತ್ತಿತ್ತು, ಕೈಗಳು ಗಾಳಿಯಲ್ಲಿ ಏನನ್ನೋ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದವು. ಮಗುವಿನ ಎದೆಬಡಿತ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ್ದನ್ನು ಅವರು ಎದೆಯ ಮೇಲೆ ಬೆರಳಾಡಿಸಿ ತೋರಿಸಿದಾಗ ಆ ಹೆಂಗಸು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಗಂಡ ಕೈಯಾಡಿಸಿ ಏನೋ ಕೇಳಿದ. ಪಿಳ್ಳಪ್ಪ ಡಾಕ್ಟರ ಕಡೆ ತಿರುಗಿದರು.

“ರಾತ್ರಿ ಮಗು ಅತ್ರೆ ನಮಗೆ ಹೆಂಗೆ ಗೊತ್ತಾಗ್ಬೇಕು ಅಂತ ಕೇಳ್ತಾವ್ರೆ, ಡಾಕ್ಟ್ರೇ.”

ನನ್ನ ಪಕ್ಕ ನಿಂತಿದ್ದ ನರ್ಸ್ ಹೇಳಿದಳು: “ಅವ್ರು ಗೊತ್ತಿಲ್ವಾ? ಮಾತು ಬರದೋರು ಯಾರೇ ಬಂದ್ರೂ ಅವ್ರಿಗೇ ಫೋನ್ ಮಾಡೋದು. ಸ್ಟೇಷನ್ನು, ಕೋರ್ಟು, ಎಲ್ಲಾ ಕಡೆ ಹೋಗ್ತಾರೆ.”

ಹೊರಗೆ ಬಂದ ಪಿಳ್ಳಪ್ಪ ನಮ್ಮನ್ನು ಕಂಡು ಸಿಕ್ಕಿಬಿದ್ದವರಂತೆ ನಿಂತರು. “ಸುಮ್ನೆ ಬಂದಿದ್ದೆ,” ಅಂದರು.

ಮನೆಗೆ ಬಂದವಳೇ ಅವರ ಕುರ್ಚಿಯ ಮುಂದೆ ನಿಂತೆ. “ಅಂಕಲ್, ನಮ್ಮಪ್ಪಂಗೂ ಕಲಿಸಿಕೊಡ್ತೀರಾ?”

“ಅವ್ರನ್ನ ಕೇಳಿದ್ರಾ?”

ಕೇಳಿರಲಿಲ್ಲ. ಕೇಳಿದಾಗ ಅಪ್ಪ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ದೊಡ್ಡದಾಗಿ ಬರೆದ: ‘ನಾ ಮೂಕ ಅಲ್ಲ.’ ಪಿಳ್ಳಪ್ಪ ಅದನ್ನು ಓದಿ ವಾದ ಮಾಡಲಿಲ್ಲ. “ಸರಿ, ಸಂಜೆ ಬಂದು ಸುಮ್ನೆ ಕೂತ್ಕೋತೀನಿ,” ಅಂದರು.

ಬಂದರು, ಕೂತರು. ಅಪ್ಪ ಅವರತ್ತ ನೋಡದೆ ನಡೆಯುತ್ತಲೇ ಇದ್ದ. ನಾನು ಚಹಾ ಕೊಡುವ ನೆಪದಲ್ಲಿ ಹೋಗುವುದು, ಲೋಟ ತರುವ ನೆಪದಲ್ಲಿ ಇಣುಕುವುದು. ಹೀಗೇ ಕೆಲವು ಸಂಜೆ ಕಳೆದವು. ಒಮ್ಮೆ ಪಿಳ್ಳಪ್ಪ ಇದ್ದಕ್ಕಿದ್ದಂತೆ ತಲೆಯ ಮೇಲೆ ಕೈಗಳಿಂದ ಕೊಂಬು ಮಾಡಿಕೊಂಡು ಕೆರೆಗೆ ಇಳಿದ ಎಮ್ಮೆಯಾದರು. ಆಮೇಲೆ ಅದರ ಬಾಲ ಹಿಡಿದು ಕೆಸರಿಗೆ ಬಿದ್ದ ತಮ್ಮ ಭಾವಮೈದುನನೂ ಆದರು. ಅಪ್ಪನ ನಡಿಗೆ ನಿಂತಿತು, ಭುಜ ಕುಲುಕಿತು. ಸ್ವಲ್ಪ ಹೊತ್ತಿಗೆ ಅವನ ಕೈಯೂ ಮೇಲೆದ್ದಿತು: ಟಿಕೆಟ್ ಹರಿದ, ಸೀಟಿ ಊದಿದ, ಸೆರಗಿನೊಳಗೆ ಕೋಳಿ ಬಚ್ಚಿಟ್ಟುಕೊಂಡು ಬಸ್ಸು ಹತ್ತಿದ ಮುದುಕಿಯಾದ. ತಕ್ಷಣ ಪಿಳ್ಳಪ್ಪ ಆ ಕೋಳಿಯಾದರು. ಅಪ್ಪನ ತಮಾಷೆಗೆ ಅದೇ ಗಳಿಗೆಯಲ್ಲಿ ಉತ್ತರ ಸಿಕ್ಕಿದ್ದು ಎಷ್ಟೋ ತಿಂಗಳ ಮೇಲೆ ಅದೇ ಮೊದಲು. ನಾನು ಮೆಟ್ಟಿಲ ಮೇಲೆ ಲೋಟ ಹಿಡಿದು ನಿಂತೇ ಇದ್ದೆ.

“ಇದನ್ನೆಲ್ಲ ಎಲ್ಲಿ ಕಲಿತ್ರಿ ಅಂಕಲ್?” ಎಂದು ಆಮೇಲೊಮ್ಮೆ ಕೇಳಿದೆ.

“ನಮ್ಮಕ್ಕಂಗೆ ಕಿವಿ ಕೇಳ್ತಿರ್ಲಿಲ್ಲಮ್ಮ. ಚಿಕ್ಕೋನಿದ್ದಾಗ್ಲಿಂದ ಅವಳ ಜೊತೆ ನಮ್ಮದೇ ಸನ್ನೆ ಇತ್ತು. ಸರಿಯಾಗಿ ಕಲ್ತಿದ್ದು ಹಲಸೂರಲ್ಲಿ, ಕಿವಿ ಕೇಳದೋರ ಜೊತೆ ಓಡಾಡಿ.” ಇಷ್ಟೇ ಇರಬೇಕು ಅಂದುಕೊಂಡಾಗ ಮತ್ತೆ ಹೇಳಿದರು: “ಮನೇಲಿ ಎಲ್ರೂ ಅವಳನ್ನ ಉಂಡ್ಯಾ, ಮಲಗ್ತೀಯಾ, ಅಷ್ಟೇ ಕೇಳೋರು. ನೋಡ್ಕೊಳೋದರಲ್ಲಿ ಏನೂ ಕಮ್ಮಿ ಮಾಡ್ಲಿಲ್ಲ. ಹರಟೆ ಹೊಡಿಯೋಕೆ ಮಾತ್ರ ಯಾರೂ ಇರ್ಲಿಲ್ಲ.”

ಆ ಮಾತು ಈಗಲೂ ನನ್ನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ನಾನೂ ಅಪ್ಪನನ್ನು ಗುಳಿಗೆ ತಗೊಂಡ್ಯಾ, ಗಂಜಿ ಬೇಕಾ ಎಂದಷ್ಟೇ ಕೇಳುತ್ತಿದ್ದೆನಲ್ಲ.

ಈಗ ಚಡಪಡಿಸುವ ಸರದಿ ನನ್ನದು. ಸಂಜೆಯಾದರೆ ತಾರಸಿಯಲ್ಲಿ ಅವರಿಬ್ಬರ ಕೈಗಳು ಹಕ್ಕಿಗಳಂತೆ ಹಾರಾಡುತ್ತವೆ. ನನಗೆ ಅರ್ಧ ತಿಳಿಯುತ್ತದೆ, ಇನ್ನರ್ಧಕ್ಕೆ ಇಬ್ಬರೂ ನನ್ನತ್ತ ನೋಡಿ ನಗುತ್ತಾರೆ. ನಿನ್ನೆ ಹಟ ಹಿಡಿದು ನಡುವೆ ಹೋಗಿ ಕೂತೆ. ಆಫೀಸಿನ ಜಗಳವೊಂದನ್ನು ಪೂರ್ತಿ ಕೈಯಲ್ಲೇ ಹೇಳಹೊರಟೆ. ನನ್ನ ಬೆರಳುಗಳಿಗೆ ಇನ್ನೂ ತೊದಲು. ಅಪ್ಪ ತಾಳ್ಮೆ ಕೆಟ್ಟು ನನ್ನ ತೋರುಬೆರಳನ್ನು ಹಿಡಿದ, ಬಗ್ಗಿಸಿದ, ಸರಿಯಾದ ಜಾಗಕ್ಕೆ ತಂದು ಬಿಟ್ಟ. ಆಮೇಲೆ ಗಲ್ಲಕ್ಕೆ ಕೈ ಊರಿ ಕೂತು, ಮುಂದೇನಾಯ್ತು ಎಂದು ಹುಬ್ಬು ಹಾರಿಸಿದ.