ಕಿವಿಯಾರೆ ಕೇಳಿದವರು

ಎಪ್ಪತ್ತು-ಎಂಬತ್ತರ ದಶಕಗಳಲ್ಲಿ ಅಫಜಲಪುರದ ಒಂದು ಖಾಸಗಿ ದವಾಖಾನೆಯಲ್ಲಿ ನಾನು ಹನ್ನೊಂದು ವರ್ಷ ನರ್ಸ್ ಆಗಿದ್ದೆ. ಡಾಕ್ಟರು ಒಬ್ಬರೇ, ನರ್ಸೂ ನಾನೊಬ್ಬಳೇ. ಸುತ್ತಲಿನ ಹಳ್ಳಿಗಳಲ್ಲಿ ಈಗ ಮೀಸೆ ತಿರುವಿಕೊಂಡು ಓಡಾಡುವ ಎಷ್ಟೋ ಗಂಡಸರನ್ನು ಮೊಟ್ಟಮೊದಲು ಹಿಡಿದದ್ದು ನನ್ನ ಈ ಕೈ. ಜಂಬ ಅನ್ನಿ, ನನಗೇನೂ ಬೇಜಾರಿಲ್ಲ. ಕೆಲಸ ಕಲಿಸಿದವರು ಆ ಡಾಕ್ಟರೇ. ಹಬ್ಬ ಬಂತೆಂದರೆ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿಯೇ ನಾನು ಮನೆಗೆ ಹೋಗುತ್ತಿದ್ದೆ.

ಒಂದು ಬೇಸಿಗೆಯ ಮಧ್ಯಾಹ್ನ ಹೆರಿಗೆಗೆ ಬಂದ ಹೆಂಗಸಿಗೆ ಅವರು ನೋವು ಬೇಗ ಬರಲೆಂದು ಸೂಜಿ ಕೊಟ್ಟರು. ಕೊಟ್ಟವರೇ ಗಾಣಗಾಪುರಕ್ಕೆ ಮದುವೆ ಊಟಕ್ಕೆ ಹೊರಟುಹೋದರು. ಕೂಸು ಹುಟ್ಟಿತು, ಅದರ ಹಿಂದೆಯೇ ರಕ್ತ ಶುರುವಾಯಿತು. ಅರಿವೆ ತುರುಕಿದೆ, ಹೊಟ್ಟೆ ಒತ್ತಿ ಹಿಡಿದೆ, ಕಲಬುರಗಿಗೆ ಒಯ್ಯಲು ಜೀಪು ತರಿಸಿದೆ. ಜೀಪು ಬಾಗಿಲಿಗೆ ಬರುವಷ್ಟರಲ್ಲಿ ಆ ಹೆಂಗಸಿನ ಕೈ ತಣ್ಣಗಾಗಿತ್ತು. ಡಾಕ್ಟರು ಬಂದವರು ನನ್ನನ್ನು ಒಳಗೆ ಕರೆದು, "ನಾ ಇಲ್ಲೇ ಇದ್ದೆ ಅಂತ ಹೇಳು" ಎಂದರು. "ಅದೊಂದು ನನ್ನ ಕಡೆಯಿಂದ ಆಗಂಗಿಲ್ರಿ ಸಾಹೇಬ್ರ" ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ. ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ.

ನಾಲ್ಕು ದಿನ ಕಳೆಯುವುದರೊಳಗೆ ಊರಲ್ಲಿ ಬೇರೆಯೇ ಕತೆ ಓಡಾಡುತ್ತಿತ್ತು. ನಾನು ಯಾರನ್ನೂ ಕೇಳದೆ ಸೂಜಿ ಚುಚ್ಚಿದೆನಂತೆ, ಬಾಣಂತಿಯನ್ನು ಕೊಂದೆನಂತೆ, ಅದಕ್ಕೇ ಡಾಕ್ಟರು ನನ್ನನ್ನು ಹೊರಗೆ ಹಾಕಿದರಂತೆ. ಹೆರಿಗೆಗೆ ನನ್ನನ್ನು ಕರೆಯುತ್ತಿದ್ದವರು ಕರೆಯುವುದನ್ನು ಬಿಟ್ಟರು. ಅದನ್ನು ಹೇಗೋ ನುಂಗಿಕೊಂಡೆ. ಕೂಲಿಗೆ ಹೋದರೂ ಹೊಟ್ಟೆ ತುಂಬುತ್ತದೆ.

ನುಂಗಲಾಗದೇ ಹೋದದ್ದು ಜೇವರ್ಗಿಯಲ್ಲಿ ಕೇಳಿದ ಮಾತು. ನನ್ನ ಒಬ್ಬಳೇ ಮಗಳನ್ನು ಅಲ್ಲಿಗೆ ಕೊಟ್ಟಿದ್ದೆವು. ಅವಳು ಐದು ತಿಂಗಳ ಬಸುರಿಯಾದಾಗ ಹಸಿರು ಸೀರೆ, ಬಳೆ ತೆಗೆದುಕೊಂಡು ಕುಬಸ ಮಾಡಲು ಹೋದೆ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಅದನ್ನು ಯಾರೂ ಬಾಯಿ ಬಿಟ್ಟು ಕೇಳುವುದೂ ಇಲ್ಲ. ಅಂಥಾದ್ದರಲ್ಲಿ ಬೀಗತಿ ನನಗೆ ಚಹಾ ಕೊಟ್ಟು, ಎದುರಿಗೆ ಕೂತು ಹೇಳಿದಳು: "ಸಿಟ್ಟಾಗಬ್ಯಾಡ್ರಿ ಬೀಗತಿ. ಕುಬಸ ಮಾಡ್ರಿ, ಉಡಿ ತುಂಬ್ರಿ. ಆದ್ರ ಹೆರಿಗಿಗಿ ನಿಮ್ಮ ಮನಿಗಿ ಕಳಸಂಗಿಲ್ಲ. ನಿಮ್ಮ ಕೈಯಾಗ ಬಾಣಂತಿ ಸತ್ತಳು ಅಂತ ಡಾಕ್ಟರ್ ಸಾಹೇಬ್ರೇ ಅಂದಾರಂತ. ನಮಗರೆ ಇರಾಕಿ ಒಬ್ಬಾಕಿ ಸೊಸಿ."

ಮಗಳು ತಲೆ ಬಗ್ಗಿಸಿ ಬಳೆ ತಿರುಗಿಸುತ್ತ ಕೂತಿದ್ದಳು. ಊರಿಗೆಲ್ಲ ಬಾಣಂತನ ಮಾಡಿದವಳಿಗೆ ಹೊಟ್ಟೆಯ ಮಗಳ ಬಾಣಂತನ ಇಲ್ಲ! ವಾಪಸು ಬರುವ ಬಸ್ಸಿನಲ್ಲಿ ಅತ್ತೆ. ಪಕ್ಕದವರು ಏನೆಂದುಕೊಂಡರೋ ಗೊತ್ತಿಲ್ಲ.

ನನ್ನ ಮನೆಯವರು ಸಾಲೆಯಲ್ಲಿ ಜವಾನ, ಕೋರ್ಟು ಅಂದರೆ ದಾರಿ ಬದಲಿಸುವ ಮನುಷ್ಯ. ಹಾಗಾಗಿ ನಾನೊಬ್ಬಳೇ ಒಬ್ಬ ಮುದುಕ ವಕೀಲರ ಹತ್ತಿರ ಹೋದೆ. ಅವರು ಕಣ್ಣು ಮುಚ್ಚಿಕೊಂಡು ಪೂರಾ ಕೇಳಿ, ಆಮೇಲೆ ಹೇಳಿದರು:

"ಇದು ಬದನಾಮಿ, ಮಾನಹಾನಿ. ಅಪರಾಧನೇ ಅದ. ಆದ್ರ ಪೊಲೀಸರು ತಾವಾಗಿ ಕೈ ಹಾಕಂಗಿಲ್ಲವ್ವ. ಮೊದಲು ನೋಟೀಸ್ ಕೊಡೂಣು, ಅಂದಿದ್ದು ಸುಳ್ಳು ಅಂತ ಬರಕೊಡ್ರಿ ಅಂತ. ಕೊಡಲಿಲ್ಲಂದ್ರ ಮ್ಯಾಜಿಸ್ಟ್ರೇಟರ ಮುಂದ ನೀವೇ ಫಿರ್ಯಾದು ಹಾಕಬೇಕು. ನಷ್ಟ ತುಂಬಿಕೊಡು ಅಂತ ದಿವಾಣಿ ದಾವಾನೂ ಹಾಕಬಹುದು, ಅದನ್ನ ವರ್ಷದೊಳಗ ಹಾಕಬೇಕು."

"ನನಗ ನಷ್ಟ ಗಿಷ್ಟ ಬ್ಯಾಡ್ರಿ. ಅವರು ಸುಳ್ಳು ಹೇಳ್ಯಾರ ಅಂತ ಜೇವರ್ಗಿಗಿ ಗೊತ್ತಾದ್ರ ಸಾಕು."

"ಹಂಗಾದ್ರ ಸಾಕ್ಷಿ ತರ್ರಿ. ಊರೆಲ್ಲ ಅಂತಾರ ಅಂದ್ರ ಕೋರ್ಟು ಕೇಳಂಗಿಲ್ಲ. ಅವರ ಬಾಯಿಂದ ಬಂದಿದ್ದನ್ನ ತನ್ನ ಕಿವಿಯಾರೆ ಕೇಳಿದವರು ಒಬ್ಬರರೆ ಬೇಕು."

ಅಂಥವರನ್ನು ಹುಡುಕುತ್ತ ಹೊರಟಾಗಲೇ ನನಗೆ ಊರಿನ ಗುಣ ತಿಳಿದದ್ದು. ಎಲ್ಲರೂ ಇನ್ನೊಬ್ಬರಿಂದ ಕೇಳಿದವರೇ. ಕಡೆಗೆ ಮಣ್ಣೂರಿನ ಒಬ್ಬ ಮುಸ್ಲಿಂ ಮುದುಕಿ ಸಿಕ್ಕಳು. ಅವಳ ಇಬ್ಬರು ಮೊಮ್ಮಕ್ಕಳೂ ನನ್ನ ಕೈಯಲ್ಲೇ ಹುಟ್ಟಿದವರು. ಸೊಸೆಯನ್ನು ತೋರಿಸಲು ಹೋದಾಗ ಡಾಕ್ಟರು ಅವಳೆದುರಿಗೇ ಆ ಮಾತು ಅಂದಿದ್ದರು. "ನಾ ಹೇಳ್ತೇನಿ ನರ್ಸಬಾಯಿ. ಖುದಾನ ಮುಂದ ಹೇಳೂದನ್ನ ಜಡ್ಜನ ಮುಂದ ಹೇಳಾಕ ನನಗೇನು ಅಂಜಿಕಿ?" ಎಂದಳು. ನೋಟೀಸು ಹೋಯಿತು, ಅದಕ್ಕೆ ಉತ್ತರ ಬರಲಿಲ್ಲ. ಫಿರ್ಯಾದು ಹಾಕಿದೆವು. ಮುದುಕಿ ಹೇಳಿಕೆ ಕೊಡಲು ದಸರೆಯ ನಂತರದ ಒಂದು ತಾರೀಖು ಗೊತ್ತಾಯಿತು.

ನಡುವೆ ದಸರೆ ಬಂತು. ಆ ಸಂಜೆ ನಮ್ಮ ಕಡೆ ಊರಿಗೆ ಊರೇ ಬೀದಿಯಲ್ಲಿರುತ್ತದೆ. ಕೈ ತುಂಬ ಬನ್ನಿ ಎಲೆ ಹಿಡಿದು ಒಬ್ಬರಿಗೊಬ್ಬರು ಕೊಡುತ್ತಾರೆ, ಸಣ್ಣವರು ದೊಡ್ಡವರ ಕಾಲು ಮುಟ್ಟುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಅವತ್ತು ಎಲೆ ಕೊಟ್ಟರೆ ಬೇಡ ಅನ್ನುವಂತಿಲ್ಲ. ಬಜಾರಿನಲ್ಲಿ ಡಾಕ್ಟರು ನಾಲ್ಕು ಮಂದಿ ದೊಡ್ಡ ಮನುಷ್ಯರ ನಡುವೆ ನಿಂತಿದ್ದರು. ನನ್ನನ್ನು ನೋಡಿ ಎರಡು ಹೆಜ್ಜೆ ಮುಂದೆ ಬಂದು ಎಲೆ ನೀಡಿದರು.

"ತಗೊವಾ ಬನ್ನಿ. ಬಂಗಾರದಂಗ ಇರೂಣು."

ಕೈ ಮೊದಲು ಹೋಯಿತು, ಬುದ್ಧಿ ಆಮೇಲೆ ಬಂತು. ಎಲೆ ತೆಗೆದುಕೊಂಡೆ. ಹನ್ನೊಂದು ವರ್ಷ ಬಗ್ಗಿದ ಬೆನ್ನು, ನನ್ನನ್ನು ಕೇಳದೆಯೇ ಬಗ್ಗಿಬಿಟ್ಟಿತು. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ, "ಇರಲಿ ಬಿಡು, ಆಗಿದ್ದು ಆಗಿ ಹೋತು" ಎಂದರು.

ಮರುದಿನವೇ ಊರೆಲ್ಲ ಒಂದೇ ಮಾತು: ನರ್ಸು ಡಾಕ್ಟರ ಕಾಲಿಗೆ ಬಿದ್ದು ತಪ್ಪಾಯಿತು ಅಂದಳಂತೆ. ಇದನ್ನು ಕೇಳಿ ವಕೀಲರು ತಲೆ ಚಚ್ಚಿಕೊಂಡರು. "ನನ್ನನ್ನ ಒಂದು ಮಾತು ಕೇಳಿ ಬನ್ನಿ ತಗೋಬಾರದಿತ್ತೇನವ್ವ?" ಎಂದರು. ಮಣ್ಣೂರಿನ ಮುದುಕಿ ತಾನಾಗಿಯೇ ಮನೆಗೆ ಬಂದಳು, ಕೂಡ್ರಲೂ ಇಲ್ಲ. "ನೀವಿಬ್ರೂ ಬನ್ನಿ ಕೊಟ್ಟು ತಗೊಂಡ್ರಿ, ದಿಲ್ ಸಾಫ್ ಆತು. ಈಗ ನಾ ಹೋಗಿ ಹಳೇದು ತಗದ್ರ ಮಂದಿ ನನ್ನ ಮಾರಿಮ್ಯಾಲ ಉಗಳ್ತಾರ. ಮಾಫ್ ಮಾಡ್ರಿ ನರ್ಸಬಾಯಿ." ಅವಳ ಮೇಲೆ ಸಿಟ್ಟು ಮಾಡಲು ಮನಸ್ಸು ಬರಲಿಲ್ಲ. ವಕೀಲರು ಮುಂದಿನ ತಾರೀಖು ಪಡೆದು, ಬೇರೆ ಸಾಕ್ಷಿ ಹುಡುಕಲು ಹೇಳಿದರು.

ಚಳಿಗಾಲದ ಒಂದು ಬೆಳಿಗ್ಗೆ ಜೇವರ್ಗಿಯ ಜೀಪೊಂದು ನಮ್ಮ ಮನೆಯ ಮುಂದೆಯೇ ಹಾದುಹೋಯಿತು. ಒಳಗೆ ಮಗಳು ಬೀಗತಿಯ ತೊಡೆಯ ಮೇಲೆ ಮಲಗಿದ್ದಳು. ಜೀಪು ನಿಲ್ಲಲಿಲ್ಲ, ಸೀದಾ ಆ ಡಾಕ್ಟರ ದವಾಖಾನೆಗೇ ಹೋಯಿತು; ಬೀಗತಿಯ ನಂಬಿಕೆಯೆಲ್ಲ ಅವರ ಮೇಲೆಯೇ. ನಾನು ಬರಿಗಾಲಲ್ಲೇ ಓಡಿದೆ. ಬೀಗತಿ ಬಾಗಿಲಲ್ಲಿ ಅಡ್ಡ ನಿಂತಳು, ಕೈ ಮುಗಿದು, "ನೀವು ಹೊರಗ ಇರ್ರಿ" ಎಂದಳು. ಹಿತ್ತಲಿಗೆ ಹೋಗಿ ನೀರಿನ ತೊಟ್ಟಿಯ ಹತ್ತಿರ ನಿಂತೆ. ನನ್ನ ನಂತರ ಅಲ್ಲಿಗೆ ಬಂದ ನರ್ಸುಗಳು ಯಾರೂ ನಿಲ್ಲುತ್ತಿರಲಿಲ್ಲ, ಅವತ್ತೂ ಯಾರೂ ಇರಲಿಲ್ಲ. ಮಗಳು ಕೂಗುವುದು ಗೋಡೆಯಾಚೆಯಿಂದ ಕೇಳುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಹಿತ್ತಲ ಬಾಗಿಲು ತೆರೆಯಿತು. ಡಾಕ್ಟರ ಅಂಗಿಯೆಲ್ಲ ಬೆವರಲ್ಲಿ ತೊಯ್ದಿತ್ತು.

"ಕೂಸಿನ ಕಾಲು ಮುಂದ ಬಂದಾವ. ನನ್ನೊಬ್ಬನ ಕಡೆಯಿಂದ ಆಗಂಗಿಲ್ಲ. ಕೈ ತೊಳಕೊಂಡು ಒಳಗ ಬಾ."

ಹೋದೆ. ಮಗಳು ನನ್ನನ್ನು ನೋಡಿ ನನ್ನ ಸೆರಗು ಹಿಡಿದಳು. ಅವಳ ಮೇಲೆ ಬಗ್ಗಿಕೊಂಡೇ ಡಾಕ್ಟರು, "ಅವತ್ತು ಸೂಜಿ ಕೊಟ್ಟಾವ ನಾನು. ನಿಂದೇನೂ ತಪ್ಪಿರಲಿಲ್ಲ. ಈಗ ಇದೊಂದು ಉಳಸು" ಎಂದರು. ಆ ಕೋಣೆಯಲ್ಲಿ ಇದ್ದವರು ನಾವು ಮೂವರೇ. ಮಗಳ ಕಣ್ಣು ತೆರೆದಿದ್ದವು, ನನ್ನ ಮುಖದ ಮೇಲೇ ಇದ್ದವು. ನಾನು ಕೆಲಸಕ್ಕೆ ಕೈ ಹಾಕಿದೆ. ಮೊದಲು ಕಾಲು ಬಂದವು, ಆಮೇಲೆ ಭುಜ, ಕೊನೆಗೆ ತಲೆ. ಹೆಣ್ಣು ಕೂಸು. ಮೊದಲು ನೀಲಿಯಾಗಿತ್ತು, ಬೆನ್ನು ತಟ್ಟಿದ ಮೇಲೆ ಅತ್ತಿತು.

ಡಾಕ್ಟರು ಕೂಸನ್ನು ಅರಿವೆಯಲ್ಲಿ ಸುತ್ತಿ ಮುಂಬಾಗಿಲಿಗೆ ಒಯ್ದರು. ನನಗೆ ಹಿತ್ತಲ ಬಾಗಿಲು ತೋರಿಸಿದರು. ತೊಟ್ಟಿಯಲ್ಲಿ ಕೈಯ ರಕ್ತ ತೊಳೆಯುತ್ತಿದ್ದಾಗ ಬೀಗತಿಯ ದನಿ ಕೇಳಿತು: "ನಿಮ್ಮ ಕೈಗುಣ ದೊಡ್ಡದ್ರಿ ಸಾಹೇಬ್ರ."

ವಕೀಲರಿಗೆ ಎಲ್ಲ ಹೇಳಿದೆ. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಈ ಮಾತು ಮತ್ಯಾರರೆ ಕೇಳ್ಯಾರೇನು?"

"ನನ್ನ ಮಗಳು ಕೇಳ್ಯಾಳ್ರಿ."

"ಕರಕೊಂಡು ಬರ್ರಿ. ಅಷ್ಟಾದ್ರ ಸಾಕು."

ಜೇವರ್ಗಿಗೆ ಹೋದೆ. ಮಗಳು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಬೀಗತಿ ಒಳಗೆ ಅಡುಗೆ ಮಾಡುತ್ತಿದ್ದಳು. ದನಿ ತಗ್ಗಿಸಿ ಕೇಳಿದೆ, ಕೋರ್ಟಿಗೆ ಬಂದು ಅದೊಂದು ಮಾತು ಹೇಳುತ್ತೀಯಾ ಎಂದು. ಅವಳು ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಆಮೇಲೆ ಕೂಸಿನ ತಲೆ ಸವರತೊಡಗಿದಳು.

"ನಾ ನೋವಿನಾಗ ಇದ್ದೆ ಯವ್ವಾ. ನನಗೇನೂ ಕೇಳಿಸಿಲ್ಲ."

ಡಾಕ್ಟರ ಮೇಲೆ ಕೂಡ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಅವಳು ಆ ಮನೆಯಲ್ಲಿ ಬಾಳಬೇಕು ಎಂಬುದು ನನಗೂ ಗೊತ್ತಿತ್ತು. ಗೊತ್ತಿದ್ದೂ ಸಿಟ್ಟು ಬಂತು, ಈಗಲೂ ಪೂರ್ತಿ ಹೋಗಿಲ್ಲ. ಕೂಸಿನ ಎರಡೂ ಕಾಲು ಮುಟ್ಟಿ ನೋಡಿ ಬಸ್ಸು ಹತ್ತಿದೆ. ಮುಂದಿನ ತಾರೀಖಿಗೆ ನಾನು ಹೋಗಲಿಲ್ಲ. ಫಿರ್ಯಾದಿ ಗೈರುಹಾಜರು ಎಂದು ಬರೆದು ಕೋರ್ಟು ಕೇಸನ್ನು ವಜಾ ಮಾಡಿತು.