ಅಪ್ಪಣೆ ಕೇಳುತ್ತಿದ್ದ ಹುಡುಗಿ

ನಿವೃತ್ತ ಹೆಡ್‌ಮಾಸ್ತರನ ಪರಮ ಸಂಕಟವೆಂದರೆ, ಅವನನ್ನು ಯಾರೂ ಅಪ್ಪಣೆ ಕೇಳುವುದಿಲ್ಲ. ಕಿರುಬೆರಳೆತ್ತಿ ನಿಂತ ತಲೆಮಾರುಗಳಿಗೆ ಉದಾರವಾಗಿ ತಲೆಯಾಡಿಸಿ ಬಂದ ನಾನು, ಗುಡಗೇರಿಯ ನನ್ನ ಮನೆಯಲ್ಲಿ ಬೆಕ್ಕಿನ ಮೇಲೂ ಅಧಿಕಾರವಿಲ್ಲದ ಮಾಜಿ ಸಾರ್ವಭೌಮನಾಗಿದ್ದೆ. ಹೀಗಿರುವಾಗ ನಮ್ಮ ಹಿತ್ತಲ ಖೋಲಿಗೆ ಬಾಡಿಗೆಗೆ ಬಂದ ರೇಣುಕಾ ಮೊದಲ ದಿನವೇ, "ಸರ್, ಸಂತಿಗೆ ಹೋಗಿ ಬರ್ಲೇನ್ರಿ?" ಎಂದಾಗ ನನ್ನ ಎದೆ ಎಷ್ಟು ಉಬ್ಬಿತೆಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ.

ನಾಲ್ಕನೆಯ ವಯಸ್ಸಿನಿಂದ ಅವಳು ಬೆಳೆದದ್ದು ಕಲಘಟಗಿ ಕಡೆಯ ಒಂದು ಅನಾಥಾಶ್ರಮದಲ್ಲಿ. ಹದಿನೆಂಟು ತುಂಬಿದ್ದರಿಂದ, ನಿಯಮದಂತೆ, ಒಂದು ಟ್ರಂಕಿನೊಡನೆ ಹೊರಬಿದ್ದು, ನಮ್ಮೂರ ಟೇಲರ್ ಅಂಗಡಿಯಲ್ಲಿ ಕೆಲಸ ಹಿಡಿದಿದ್ದಳು. ಆಶ್ರಮದಲ್ಲಿ ಏಳುವುದಕ್ಕೆ, ಉಣ್ಣುವುದಕ್ಕೆ, ಮಲಗುವುದಕ್ಕೆ ಗಂಟೆ ಬಾರಿಸುತ್ತಿದ್ದರಂತೆ. ಇಲ್ಲಿ ಗಂಟೆಯಿರಲಿಲ್ಲವಾಗಿ ನಾನೇ ಗಂಟೆಯಾದೆ. ತಲೆಸ್ನಾನಕ್ಕೂ ಕೇಳಿದಳು, ದೀಪ ಹಚ್ಚುವುದಕ್ಕೂ ಕೇಳಿದಳು. ನಾನು ಗಾಂಭೀರ್ಯದಿಂದ ಎಲ್ಲವನ್ನೂ ಮಂಜೂರು ಮಾಡಿದೆ.

ಒಂದು ರವಿವಾರ ನಾನೂ ನನ್ನ ಹೆಂಡತಿ ಶಾಂತಾಳೂ ಕುಬಿಹಾಳಕ್ಕೆ ಮದುವೆಗೆ ಹೋಗಿ ಸಂಜೆಗೆ ಮರಳಿದಾಗ ಹುಡುಗಿ ಕಟ್ಟೆಯ ಮೇಲೆ ಬಾಡಿದ ಮುಖದಿಂದ ಕುಳಿತಿದ್ದಳು.

"ಮುಂಜಾನೆನ ಗ್ಯಾಸ್ ತೀರಿತ್ರಿ. ಖಾನಾವಳಿಗೆ ಹೋಗ್ಬೇಕಂದ್ರ, ಕೇಳಾಕ ಯಾರೂ ಇರ್ಲಿಲ್ರಿ."

ಶಾಂತಾ ನನ್ನತ್ತ ತಿರುಗಿದಳು. "ಸಮಾಧಾನ ಆತೇನ್ರಿ ಹೆಡ್‌ಮಾಸ್ತರ್ರ?" ನಂತರ ಹುಡುಗಿಯ ತಟ್ಟೆಗೆ ರೊಟ್ಟಿ ಹಾಕುತ್ತ, "ಇನ್ನ ಇವರನ್ನ ಏನೂ ಕೇಳಬ್ಯಾಡ ಬೇ. ಹೇಳು, ಹೋಗು."

"ತಪ್ಪಾದ್ರ ಕಾಕೂ?"

"ತಪ್ಪಾದ್ರ ಮನಿಗೆ ಬಾ. ಬೈಸ್ಕೊ. ಉಣ್ಣು."

ಉಬ್ಬಿದ್ದ ನನ್ನ ಎದೆ ಆ ಹೊತ್ತಿಗೆ ಎಲ್ಲಿ ಅಡಗಿತೋ ಗೊತ್ತಿಲ್ಲ. ಮಗುವೊಂದರ ಅಂಜಿಕೆಯನ್ನು ನಾನು ಗೌರವವೆಂದು ತಿಳಿದು ತಿಂಗಳುಗಟ್ಟಲೆ ಸವಿದಿದ್ದೆ.

ಆಮೇಲೆ ಅವಳು ಧಾರಾಳವಾಗಿ ತಪ್ಪಿದಳು. ಹುಬ್ಬಳ್ಳಿಗೆಂದು ಹೊರಟು ಹಾವೇರಿ ಕಡೆಯ ರೈಲು ಹತ್ತಿದಳು. ಬಂದು ಬೈಸಿಕೊಂಡಳು, ಉಂಡಳು. ವರ್ಷ ಕಳೆಯುವಷ್ಟರಲ್ಲಿ ಒಂದು ಸಂಜೆ ನನ್ನೆದುರು ನಿಂತು, ಹುಬ್ಬಳ್ಳಿಯಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ, ಆಶ್ರಮದ ಇಬ್ಬರು ಗೆಳತಿಯರೊಡನೆ ಖೋಲಿ ಹಿಡಿದಿದ್ದೇನೆ ಎಂದಳು. ಪರಸ್ಥಳದ ಅಪಾಯಗಳು, ಕೈಯಲ್ಲಿರುವ ಕೆಲಸದ ಮಹಿಮೆ ಇತ್ಯಾದಿ ವಿಷಯಗಳ ಮೇಲೆ ನಾನು ಸೋದಾಹರಣ ಪ್ರವಚನ ಮಾಡಿ, "ಅದಕ್ಕ, ನಾ ಬ್ಯಾಡ ಅಂತೀನಿ," ಎಂದು ಮುಗಿಸಿದೆ.

ಅವಳು ವಿನಯದಿಂದ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ನಿಂತ ಜಾಗದಿಂದ ಕದಲದೆ ಹೇಳಿದಳು:

"ನಾ ಕೇಳಾಕ ಬಂದಿಲ್ರಿ ಸರ್. ಹೇಳಾಕ ಬಂದೀನಿ."

ಕ್ಷಣಕಾಲ ನೋವಾದದ್ದು ನಿಜ. ಒಳಗಿನಿಂದ ಶಾಂತಾ ಸಕ್ಕರೆ ಡಬ್ಬಿ ತಂದು ಮೊದಲು ಅವಳ ಬಾಯಿಗೆ, ಆಮೇಲೆ ನನ್ನ ಬಾಯಿಗೆ ಚಿಟಿಕೆ ಚಿಟಿಕೆ ಹಾಕಿದಳು. ನನ್ನದು ಬಹುಶಃ ಮುಚ್ಚಿಸಲಿಕ್ಕೆ.

ಹುಬ್ಬಳ್ಳಿಗೆ ಹೋದ ರೇಣುಕಾ ಮೊನ್ನೆ ರವಿವಾರ ಮಧ್ಯಾಹ್ನ ಬಂದಳು. ಬರುವ ಸುದ್ದಿಯಿಲ್ಲ, ಬಾಗಿಲು ಬಡಿದ ಸದ್ದಿಲ್ಲ. ಚಪ್ಪಲಿ ಬಿಟ್ಟು, ನನ್ನ ಆರಾಮಕುರ್ಚಿಯನ್ನು ಸುತ್ತುಹಾಕಿ ನೆಟ್ಟಗೆ ಅಡುಗೆಮನೆಗೆ ನುಗ್ಗಿ, ಬೋಗುಣಿಯ ಮುಚ್ಚಳ ಎತ್ತಿ ನೋಡಿ ಗದರಿದಳು:

"ಇದೇನ್ ಕಾಕೂ, ಒಂದ್ ಗಂಟೆ ಆತು, ಇನ್ನೂ ಅನ್ನಕ್ಕ ಇಟ್ಟಿಲ್ಲ? ಅತ್ತಾಗ ಸರಿ, ನಾ ಇಡ್ತೀನಿ!"