ಸತ್ತ ಹುಡುಗ ಎದ್ದು ಬಂದ ರೀಲು

೧೯೭೪ರಲ್ಲಿ ನಾನು ಒಂದು ಟೂರಿಂಗ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದೆ. ಆ ಬೇಸಿಗೆಯಲ್ಲಿ ನಮ್ಮ ಟೆಂಟು ಕೊರಟಗೆರೆ ತಾಲೂಕಿನ ಕೊಳಾಲದಲ್ಲಿತ್ತು. ಬರಬೇಕಿದ್ದ ಕನ್ನಡ ಚಿತ್ರದ ಪ್ರಿಂಟು ಕೈಕೊಟ್ಟಿದ್ದರಿಂದ ಮಾಲೀಕರು ಹಳೆಯದೊಂದು ಅಮೆರಿಕನ್ ಚಿತ್ರ ತರಿಸಿ, ‘ಇಂಗ್ಲಿಷ್ ಫೈಟಿಂಗ್’ ಎಂದು ಗಾಡಿಗೆ ಮೈಕು ಕಟ್ಟಿ ಸಾರಿಸಿದರು. ಅಪ್ಪನಿಗೆ ತಿರುಗಿಬಿದ್ದು, ತೊಗಲಿನ ಕೋಟು ತೊಟ್ಟ ಪುಂಡರ ಜೊತೆ ಸೇರಿ ಕಳ್ಳತನಕ್ಕಿಳಿಯುವ ಹುಡುಗನ ಕಥೆ. ಅದರ ಮಾತು ಟೆಂಟಿನಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ, ನನಗೂ ಅಷ್ಟೆ.

ನಮ್ಮಲ್ಲಿದ್ದದ್ದು ಒಂದೇ ಪ್ರೊಜೆಕ್ಟರ್. ಒಂದು ರೀಲು ಮುಗಿದರೆ ಲೈಟು ಹಾಕಿ, ಡಬ್ಬಿಯ ಮುಚ್ಚಳದ ಮೇಲಿನ ನಂಬರು ನೋಡಿ ಮುಂದಿನದನ್ನು ಏರಿಸಬೇಕು. ಬಸ್ಸಿನ ಟಾಪಿನಿಂದ ಇಳಿಸುವಾಗ ಕೊನೆಯ ಎರಡು ಡಬ್ಬಿಗಳ ಮುಚ್ಚಳಗಳು ಅದಲುಬದಲಾಗಿದ್ದವು. ಮೊದಲ ದಿನ ಹುಡುಗ ಪೊಲೀಸರ ಗುಂಡಿಗೆ ಬಿದ್ದು ಸತ್ತ, ‘ದಿ ಎಂಡ್’ ಬಂತು, ನನ್ನ ಕೈಯಲ್ಲಿ ಇನ್ನೂ ಒಂದು ರೀಲು! ರೀಲು ತೋರಿಸದೆ ನುಂಗಿದರೆ ಜನ ಟೆಂಟನ್ನೇ ಕಿತ್ತುಹಾಕುತ್ತಾರೆ. ಧೈರ್ಯ ಮಾಡಿ ಏರಿಸಿದೆ. ಸತ್ತವನು ಮನೆಗೆ ಬಂದ. ಅಪ್ಪ ಮಾತಿಲ್ಲದೆ ಬಾಗಿಲು ತೆರೆದ, ತಾಯಿ ಗಾಯ ಒರೆಸಿದಳು. ಟೆಂಟಿನ ತುಂಬ ಶಿಳ್ಳೆ. ಆಟ ಮುಗಿದ ಮೇಲೆ ಮಾಲೀಕರು ಗೇಟಿನವರ ಎದುರಿಗೇ, “ಇಷ್ಟು ವರ್ಷ ಕತ್ತೆ ಕಾಯ್ತಿದ್ಯೇನಯ್ಯಾ?” ಎಂದು ಉಗಿದರು.

ಮರುಸಂಜೆ, ಮೊದಲ ದಿನದ ಆಟ ನೋಡಿ ಹೋಗಿದ್ದ ಹತ್ತಿರದ ಹಟ್ಟಿಯ ಕರಿಯಮ್ಮ ಗಂಡ ಚಿಕ್ಕಣ್ಣನನ್ನು ಕರೆತಂದಳು. ಕುರಿ ಸಾಕುವ ಜನ. ಅವರ ಮಗ ಪುಂಡರ ಜೊತೆ ಕುರಿ ಕದ್ದು, ಜೈಲಿಗೆ ಹೋಗಿ ಬಂದು, ತೋವಿನಕೆರೆಯ ಸೋದರಮಾವನ ಮನೆಯಲ್ಲಿದ್ದ. ‘ಅವನು ನನ್ನ ಪಾಲಿಗೆ ಸತ್ತ’ ಎಂದು ಚಿಕ್ಕಣ್ಣ ಹಟ ಹಿಡಿದಿದ್ದ. ಆಟಕ್ಕೆ ಮುಂಚೆ ಕರಿಯಮ್ಮ ಒಬ್ಬಳೇ ಕ್ಯಾಬಿನ್ನಿಗೆ ಬಂದು ಇದನ್ನೆಲ್ಲ ಹೇಳಿ, “ನೆನ್ನೆ ತೋರ್ಸಿದಂಗೇ ತೋರ್ಸಪ್ಪಾ. ಸತ್ತೋನ್ಗೆ ಆ ಅಪ್ಪ ಬಾಗ್ಲು ತೆಗ್ದಿದ್ದನ್ನ ನಮ್ಮೆಜ್ಮಾನ್ರೂ ನೋಡ್ಲಿ” ಎಂದಳು. ಹೂಂ ಎಂದೆ. ಆದರೆ ಮಾಲೀಕರು ಬಂದು ಬೆನ್ನ ಹಿಂದೆಯೇ ನಿಂತರು. ಸರಿಯಾದ ಕ್ರಮದಲ್ಲೇ ಓಡಿಸಿದೆ. ಅಪ್ಪ ಬಾಗಿಲು ತೆರೆದದ್ದು ಮೊದಲೇ ಬಂದುಹೋಯಿತು; ಕೊನೆಗೆ ಹುಡುಗ ಸತ್ತ, ಆಟ ಮುಗಿಯಿತು.

ಜನ ಕರಗಿ, ಮಾಲೀಕರೂ ಹೋದ ಮೇಲೆ ಚಿಕ್ಕಣ್ಣ ನನ್ನ ಹತ್ತಿರ ಬಂದ.

“ನೆನ್ನೆ ಆ ಹುಡ್ಗ ಸತ್ಮೇಲೂ ಎದ್ದ್ ಬಂದ್ನಂತೆ, ಆಮ್ಯಾಕೆ ಅಪ್ಪ ಒಳೀಕ್ ಬುಟ್ಕೊಂಡ್ನಂತೆ. ದಿಟವೇನಪ್ಪಾ?”

ಆ ದನಿಯಲ್ಲಿ ಹಟವಿರಲಿಲ್ಲ. ನಾನು ಹೂಂ ಅನ್ನಲಿ ಎಂದು ಅವನು ಕಾಯುತ್ತಿದ್ದ. ಆದರೆ ಉಗಿಸಿಕೊಂಡ ಉರಿ ನನಗಿನ್ನೂ ಆರಿರಲಿಲ್ಲ. ಕೆಲಸ ಬಲ್ಲವನೆಂದು ಯಾರಿಗಾದರೂ ತೋರಿಸಿಕೊಳ್ಳಬೇಕಿತ್ತು.

“ನೆನ್ನೇದು ತಪ್ಪು. ಕಥೆ ಇರೋದೇ ಹಿಂಗೆ. ಅವನು ಸಾಯ್ತಾನೆ” ಎಂದೆ.

ಚಿಕ್ಕಣ್ಣ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟ. ಕರಿಯಮ್ಮ ಹೋಗಲಿಲ್ಲ. “ಇವತ್ತಿಂದೇ ತಪ್ಪು ಅಂದ್ಬುಟ್ಟಿದ್ರೆ ನಿನ್ ಗಂಟೇನ್ ಹೋಗ್ತಿತ್ತಪ್ಪಾ?” ಎಂದಳು.

ಅವರ ಮಗ ಮನೆ ಸೇರಿದನೋ ಇಲ್ಲವೋ, ವಿಚಾರಿಸುವ ಮುಖ ನನಗಿರಲಿಲ್ಲ. ಮುಂದೆ ಮಧುಗಿರಿ, ಶಿರಾ, ಪಾವಗಡದ ಥಿಯೇಟರುಗಳಲ್ಲಿ ದುಡಿದು ನಿವೃತ್ತನಾದೆ. ರೀಲು ಮತ್ತೆಂದೂ ತಪ್ಪಲಿಲ್ಲ. ಅದಕ್ಕಾಗಿ ಯಾರಾದರೂ ಹೊಗಳಿದರೆ ಈಗಲೂ ನಾಚಿಕೆಯಾಗುತ್ತದೆ. ಎದುರಿಗಿರುವವನು ಕೇಳುತ್ತಿರುವುದು ರೀಲಿನ ವಿಚಾರವೋ, ಅವನ ಮಗನ ವಿಚಾರವೋ ಎಂದು ತಿಳಿದುಕೊಂಡು ಬಾಯಿಬಿಡಬೇಕು ಎಂಬುದು ಆ ಕೆಲಸ ಕಲಿಸಿದ ಪಾಠ. ಚಿಕ್ಕಣ್ಣ ಕೇಳಿದ್ದು ಮಗನ ವಿಚಾರವೆಂದು ನನಗಂತೂ ಅವತ್ತೇ ತಿಳಿದಿತ್ತು.